ಹನ್ನೊಂದನೇ ಜೋಡಿ

ಏಪ್ರಿಲ್ 24, 2017, ಸೋಮವಾರ

ಮೊನ್ನೆ ಶನಿವಾರ, ಏಪ್ರಿಲ್ 22ರಂದು, ಮಧ್ಯಾಹ್ನ ಎರಡೂವರೆಗೆ ನಮ್ಮ ಊರಿನ ತಮ್ಸಿ ಬಾಲಿಕಾ ದಳ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಮಪುತಿ ದಿಬ್ಬದ ಮೇಲೆ ಬಿಟ್ಟು ಮನೆಗೆ ಬಂತು. ಉಬ್ಬರ ಬಂದಾಗ ಮುಳುಗಿಹೋಗುವ ಮರಳುದಿಬ್ಬ ಅದು. ಎಲ್ಜೇನ್ ಗಾರ್ದೋಸೆ ಎಂಬ ಆ ಹುಡುಗಿ ಪಾಚಿ ಒಣಹಾಕುವ ಬಿದಿರಿನ ಅಟ್ಟದ ಮೇಲೆ ನಾಲ್ಕು ಗಂಟೆ ಕೂತಿದ್ದಳು. ಏಡಿಬಲೆ ಎತ್ತಲು ಹೋದ ಮುದುಕನೊಬ್ಬ ಆರೂವರೆಗೆ ಅವಳನ್ನು ಕಂಡು ಕರೆತಂದ. ಆ ಹೊತ್ತಿಗೆ ನೀರು ಅಟ್ಟದ ಹಲಗೆ ಮುಟ್ಟಿತ್ತಂತೆ.

ದಿನ, ಗಂಟೆ, ಹೆಸರು ಎಲ್ಲ ಬರೆದಿಡುತ್ತಿದ್ದೇನೆ. ಈ ಊರಿಗೆ ಮರೆವು ಜಾಸ್ತಿ. ನನಗಿಲ್ಲ. ಹೈಸ್ಕೂಲಿನ ಗ್ರಂಥಾಲಯದಲ್ಲಿ ಮೂವತ್ತೈದು ವರ್ಷ ಕೂತವಳು ನಾನು. ಯಾವ ಪುಸ್ತಕ ಯಾವ ವರ್ಷ ಯಾರು ಹರಿದರು ಎಂಬುದೂ ನೆನಪಿದೆ. 1988ರಲ್ಲಿ ಮಂತ್ರಿಯೊಬ್ಬರು ಬರುತ್ತಾರೆಂದು ನಮ್ಮ ದಳದ ಹುಡುಗಿಯರನ್ನು ದೋಣಿ ನಿಲ್ಲುವ ಜೆಟ್ಟಿಯ ಮೇಲೆ ಮೂರು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದು ನೆನಪಿದೆ. ನೆನೀತಾ ಎಂಬವಳು ತಲೆಸುತ್ತಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. 'ಬೆಳಗ್ಗೆ ತಿಂಡಿ ತಿಂದಿರಲಿಲ್ಲ' ಎಂದು ವರದಿಯಾಯಿತು. ತಪ್ಪು ಹುಡುಗಿಯದೇ, ಯಾವತ್ತಿಗೂ.

ಈ ಸಲದ ತಪ್ಪು ಯಾರದೆಂದು ನನಗೆ ಸಂಶಯವಿಲ್ಲ. ಜೋನಾಫೆ ಗಲ್ವೆಸ್, ದಳದ ಈಗಿನ ನಾಯಕಿ, ಇಪ್ಪತ್ತನಾಲ್ಕು ವರ್ಷ, ಶಿಶುವಿಹಾರದಲ್ಲಿ ಕೆಲಸ, ಕೈಯಲ್ಲಿ ಸದಾ ಮೊಬೈಲು. ನಾನು ನಾಯಕಿಯಾಗಿದ್ದ ಮೂವತ್ತು ವರ್ಷದಲ್ಲಿ ಒಂದು ಟೋಪಿ ಕಳೆದಿಲ್ಲ. ಈ ಹುಡುಗಿ ಒಂದು ಜೀವವನ್ನೇ ಮರೆತು ಬಂದಿದ್ದಾಳೆ.

ಏಪ್ರಿಲ್ 26, ಬುಧವಾರ

ಅವಳ ಮನೆಗೇ ಹೋದೆ. ಅವಳಮ್ಮನ ಚಿಲ್ಲರೆ ಅಂಗಡಿಯ ಹಿಂದಿನ ಕೋಣೆ. ಕಣ್ಣು ಊದಿಕೊಂಡಿದ್ದವು. ನನಗೆ ಕನಿಕರ ಬರಲಿಲ್ಲ.

"ಎಣಿಸಿದ್ದು ಯಾರು?"

"ನಾನೇ, ಮ್ಯಾಮ್ ಪುರಿಂಗ್."

"ಎಷ್ಟು ಬಂತು?"

"ಹತ್ತು ಜೋಡಿ."

"ಇಪ್ಪತ್ತೆರಡು ಹುಡುಗೀರಿದ್ರೆ ಎಷ್ಟು ಜೋಡಿ? ಶಿಶುವಿಹಾರದ ಮಕ್ಳೂ ಹೇಳ್ತಾರೆ."

"ಹನ್ನೊಂದು. ಹನ್ನೊಂದನೇ ಜೋಡಿ ಮಿಸೆಸ್ ಲೆತೀಸಿಯಾ ಜೊತೆ ಮುಂಚೇನೇ ಹೋಗಿತ್ತು ಅಂದ್ಕೊಂಡೆ ಮ್ಯಾಮ್. ಫ್ರಾನ್ಸೀನ್‌ನ ಅವ್ರು ಕರ್ಕೊಂಡು ಹೋದ್ರು ಅಂತ ಹುಡುಗೀರು ಹೇಳಿದ್ರು. ಫ್ರಾನ್ಸೀನ್ ಹೋದ್ಲು ಅಂದ್ರೆ ಅವಳ ಜೋಡಿ ಎಲ್ಜೇನೂ ಹೋಗಿರ್ತಾಳೆ ಅಲ್ವಾ. ಜೋಡಿ ಬಿಟ್ಟು ಯಾರೂ ಹೋಗಲ್ವಲ್ಲ."

"ಅಂದ್ಕೊಂಡೆ!" ಎಂದೆ. "ನಾಯಕಿ ಅಂದ್ಕೊಳ್ಳಲ್ಲ. ನೋಡ್ತಾಳೆ."

"ಹೌದು ಮ್ಯಾಮ್. ತಪ್ಪು ನಂದೇ."

ಇಷ್ಟು ಬೇಗ ಒಪ್ಪಿಕೊಂಡರೆ ಬೈಯುವವರಿಗೆ ಕೆಲಸವಿರುವುದಿಲ್ಲ. ಎದ್ದು ಬಂದೆ. ಅವಳಮ್ಮ ಕೊಟ್ಟ ತಂಪು ಪಾನೀಯದ ಬಾಟಲಿಯನ್ನು ಮುಟ್ಟಲಿಲ್ಲ.

ಲೆತೀಸಿಯಾ ಗಸ್ತೀಯೊ ದಳದ ಸಮಿತಿಯ ಅಧ್ಯಕ್ಷೆ, ಮಂಜುಗಡ್ಡೆ ಕಾರ್ಖಾನೆಯ ಯಜಮಾನನ ಹೆಂಡತಿ. ಫ್ರಾನ್ಸೀನ್ ಅವಳ ಮೊಮ್ಮಗಳು. ಮುಂಚೆಯೇ ಯಾಕೆ ಹೊರಟಳೋ ಕೇಳಬೇಕು. ವಿಹಾರದ ಅಪ್ಪಣೆಪತ್ರದಲ್ಲಿ ಇಬ್ಬರು ನಾಯಕಿಯರ ಸಹಿ ಇರಲೇಬೇಕು, ಇಬ್ಬರೂ ಕೊನೆಯ ಹುಡುಗಿ ಮನೆ ಸೇರುವವರೆಗೆ ಇರಬೇಕು. ಎರಡನೇ ಸಹಿ ಯಾರದಿತ್ತು?

ಏಪ್ರಿಲ್ 30, ಭಾನುವಾರ

ದಳದ ಕಚೇರಿಯ ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ. ನಿಂತು ನಕಲು ಮಾಡಿಕೊಂಡೆ:

'ಏಪ್ರಿಲ್ 22ರ ವಿಹಾರದಲ್ಲಿ ಕುಮಾರಿ ಎಲ್ಜೇನ್ ಗಾರ್ದೋಸೆ ತನ್ನ ಜೋಡಿಯನ್ನು ಬಿಟ್ಟು, ನಾಯಕಿಯರ ಆಜ್ಞೆ ಮೀರಿ ಅಲೆದದ್ದರಿಂದ ಅಹಿತಕರ ಪ್ರಸಂಗ ಉಂಟಾಯಿತು. ಅವಳನ್ನು ದಳದಿಂದ ಬಿಡುಗಡೆ ಮಾಡಲಾಗಿದೆ. ಕುಮಾರಿ ಜೋನಾಫೆ ಗಲ್ವೆಸ್ ವೈಯಕ್ತಿಕ ಕಾರಣದಿಂದ ರಾಜೀನಾಮೆ ನೀಡಿದ್ದಾರೆ.'

ಕೆಳಗೆ ಲೆತೀಸಿಯಾಳ ಸಹಿ. ಅಕ್ಷರ ದುಂಡಗಿದೆ, ನಾನೇ ತಿದ್ದಿದ ಅಕ್ಷರ. 1975ರಲ್ಲಿ ಈ ಲೆಟ್ಟಿ ನನ್ನ ದಳದಲ್ಲಿ ಎರಡು ಜಡೆ ಹಾಕಿಕೊಂಡು ನಿಲ್ಲುತ್ತಿದ್ದಳು.

ಬಿಡುಗಡೆಯಂತೆ! ಜೈಲಿನಲ್ಲಿದ್ದಳೇ ಆ ಹುಡುಗಿ?

ನೋಟಿಸು ಮಳೆಗೆ ಹರಿದುಹೋಗುತ್ತದೆ, ಕಾರ್ಡು ಹೋಗುವುದಿಲ್ಲ. ದಳದ ಪ್ರತಿ ಹುಡುಗಿಗೂ ನಡತೆಯ ಕಾರ್ಡಿದೆ. ಆರನೇ ತರಗತಿ ಮುಗಿಸಿದವರಲ್ಲಿ ಒಬ್ಬಳಿಗೆ ಸಿಸ್ಟರುಗಳ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಉಚಿತ ಸೀಟು ಸಿಗುತ್ತದೆ, ಅದು ನಮ್ಮ ಕಾರ್ಡು ನೋಡಿಯೇ. ಈ ವರ್ಷದ ಸೀಟು ಎಲ್ಜೇನಳದು, ಫೆಬ್ರವರಿಯಲ್ಲೇ ತೀರ್ಮಾನವಾಗಿತ್ತು. ಮೇ 31ರ ಒಳಗೆ ಕಾರ್ಡು ತಲುಪಬೇಕು. ಕಾರ್ಯದರ್ಶಿಯನ್ನು ಗದರಿಸಿ ಕಾರ್ಡು ತರಿಸಿ ನೋಡಿದೆ. ಕೆಂಪು ಶಾಯಿಯಲ್ಲಿ ಒಂದೇ ಪದ: 'ಅವಿಧೇಯತೆ.'

ಆ ಹುಡುಗಿಯ ತಾಯಿ ಏಡಿಶೆಡ್ಡಿನಲ್ಲಿ ಮಾಂಸ ಬಿಡಿಸುವವಳು. ಸೀಟು ಹೋದರೆ ಶಾಲೆ ತೆರೆಯುವ ಜೂನ್ ಐದರಿಂದ ಮಗಳೂ ಅಲ್ಲೇ ಕೂರುತ್ತಾಳೆ. ಇದಕ್ಕೆ ಜಾತಕ ನೋಡಬೇಕಾಗಿಲ್ಲ.

ಮೇ 3, ಬುಧವಾರ

ಏಡಿಶೆಡ್ಡಿಗೆ ಹೋದೆ. ಉದ್ದನೆಯ ತಗಡಿನ ಮೇಜು, ಎರಡೂ ಕಡೆ ಹೆಂಗಸರು, ಬೆಂದ ಏಡಿಯ ರಾಶಿ, ಕಾಲಡಿ ನೀರು. ನೋರ್ಮಿತಾ ಗಾರ್ದೋಸೆ ತಲೆ ಎತ್ತಲಿಲ್ಲ. ಮಾತಿನ ಜೊತೆಗೇ ಚಿಕ್ಕ ಚಾಕು ಓಡುತ್ತಿತ್ತು.

"ಸಮಿತಿಯೋರು ಬಂದಿದ್ರಾ?"

"ಬಂದಿದ್ರು. ಒಂದು ಮೂಟೆ ಅಕ್ಕಿ, ಒಂದು ಪೆಟ್ಟಿಗೆ ಡಬ್ಬಿಮೀನು. ರಾಜಿ ಆಗೋಣ ಅಂದ್ರು."

"ಯಾಕೆ ತಗೊಂಡ್ರಿ?"

ಆಗ ತಲೆ ಎತ್ತಿದಳು. "ತಗೊಂಡೆ. ಬೇಯಿಸಿ ತಿಂದೂ ಆಯ್ತು. ಡಬ್ಬಿಮೀನು ಪರವಾಗಿರ್ಲಿಲ್ಲ. ಅಕ್ಕಿ ತಗೊಂಡ್ರೆ ನನ್ ಮಗಳು ಸುಳ್ಳಿ ಅಂತ ಒಪ್ಕೊಂಡ ಹಾಗಾ ಮ್ಯಾಮ್? ಸಹಿ ಹಾಕು ಅಂದ್ರು. ಕೈಯೆಲ್ಲಾ ಏಡಿ, ಕಾಗದ ನಾರುತ್ತೆ ಅಂದೆ."

ಪಕ್ಕದವಳು ಕಿಸಕ್ಕೆಂದಳು. ಇನ್ನೊಬ್ಬಳು, "ನಿನ್ ಸಹಿ ನಾರಿದ್ರೇನೆ ಚೆನ್ನ ಬಿಡೇ, ಯಾರದ್ದು ಅಂತ ಗೊತ್ತಾಗ್ತಿತ್ತು" ಎಂದಳು.

ನಾನು ಬಂದ ಕಾರಣ ಹೇಳಿದೆ: ದೂರು ಬರೆಯೋಣ, ಪ್ರಾಂತೀಯ ಸಮಿತಿಗೆ ಕಳಿಸೋಣ, ಜೋನಾಫೆಗೆ ಶಿಕ್ಷೆಯಾಗಲಿ, ಎಲ್ಜೇನ್‌ಳನ್ನು ಎಲ್ಲರ ಮುಂದೆ ನಿಲ್ಲಿಸಿ ನಡೆದದ್ದು ಹೇಳಿಸೋಣ.

"ನಿಲ್ಲಿಸೋಣ," ಎಂದಳು ನೋರ್ಮಿತಾ. "ಚೆನ್ನಾಗಿದೆ ಮಾತು. ನಿಮ್ಮ ದೊಡ್ಡೋರು ದೊಡ್ಡೋರು ಕಿತ್ತಾಡಕ್ಕೆ ನನ್ ಮಗಳು ಮಧ್ಯ ನಿಲ್ಬೇಕು. ಅವಳನ್ನ ಏನಾಯ್ತು ಅಂತ ಒಬ್ರಾದ್ರೂ ಕೇಳಿದ್ದೀರಾ? ಇವತ್ತಿಗೆ ಹನ್ನೊಂದು ದಿನ. ಸಮಿತಿಯೋರು ಕೇಳ್ಲಿಲ್ಲ. ನೀವು ಕೇಳಿದ್ರಾ?"

ಅವಳ ಬಾಯಿ ಸ್ವಲ್ಪ ಹೆಚ್ಚು. ಆದರೂ ಕೇಳಬೇಕಾದ್ದು ಕ್ರಮವೇ. ನಾಳೆ ಕೇಳುತ್ತೇನೆ.

ಮೇ 4, ಗುರುವಾರ

ಎಲ್ಜೇನ್ ಮನೆಯ ಮೆಟ್ಟಿಲ ಮೇಲೆ ತಮ್ಮನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕಡ್ಡಿಯಂಥ ಹುಡುಗಿ. ನನ್ನನ್ನು ಕಂಡ ಕೂಡಲೇ ಎದ್ದು ದಳದ ವಂದನೆ ಮಾಡಿದಳು. ದಳದವರು ಹೊರಹಾಕಿದ್ದಾರೆಂದು ಗೊತ್ತಿದ್ದೂ ಮಾಡಿದಳು.

ಪ್ರಶ್ನೆ ಉತ್ತರ ಎರಡನ್ನೂ ಇದ್ದ ಹಾಗೆಯೇ ಬರೆಯುತ್ತೇನೆ.

"ಅವತ್ತು ಏನಾಯ್ತು ಮಗಾ?"

"ನಾನೂ ಫ್ರಾನ್ಸೀನೂ ಅಟ್ಟದ ನೆರಳಲ್ಲಿ ಊಟ ಮಾಡ್ತಾ ಇದ್ವಿ. ಅವಳ ಅಜ್ಜಿ ಲೆಟ್ಟಿ ಬಂದ್ರು. ಸಾಯಂಕಾಲ ಕಾರ್ಖಾನೆಗೆ ದೊಡ್ಡ ಅತಿಥಿ ಬರ್ತಾರೆ, ಫ್ರಾನ್ಸೀನ್ ಹಾರ ಹಾಕ್ಬೇಕು, ಬಟ್ಟೆ ಬದಲಾಯಿಸ್ಬೇಕು ಅಂತ ಕರ್ಕೊಂಡ್ರು. ನಾನೂ ಎದ್ದೆ."

"ಆಮೇಲೆ?"

"'ನೀನಲ್ಲ, ನೀನು ಇಲ್ಲೇ ಕೂತಿರು, ಟೀಚರ್ ಬರ್ತಾರೆ' ಅಂದ್ರು. ಕೂತೆ."

"ಜೋನಾಫೆ ಟೀಚರ್ ಸೀಟಿ ಊದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು ಮ್ಯಾಮ್. ಮೂರು ಸಲ."

"ಮತ್ತೆ ಯಾಕೆ ಹೋಗ್ಲಿಲ್ಲ?"

ನನ್ನನ್ನೇ ಪರೀಕ್ಷೆ ಮಾಡುವವಳ ಹಾಗೆ ನೋಡಿದಳು. "ಜೋಡಿ ಇಲ್ದೆ ಒಬ್ಳೇ ನಡೀಬಾರ್ದಲ್ವಾ. 'ಜೋಡಿ ಅಗಲಿದರೆ, ಇದ್ದಲ್ಲೇ ಕುಳಿತುಕೊಳ್ಳಬೇಕು, ನಾಯಕಿ ಬಂದು ಕರೆಯುವ ತನಕ ಏಳಬಾರದು.' ಪುಟ ಹದಿನೇಳು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ."

ಕೂತು ಕಾದಳಂತೆ. ದೋಣಿಯ ಇಂಜಿನ್ನು ಶುರುವಾದದ್ದು ಕೇಳಿತಂತೆ. ಮೂರೂವರೆಯ ಸುಮಾರಿಗೆ ಗೊತ್ತಿಲ್ಲದ ಇಬ್ಬರು ಗಂಡಸರು ದೋಣಿಯಲ್ಲಿ ಹಾದು ಹೋಗುತ್ತಾ ಹತ್ತು ಬಾ ಎಂದು ಕೂಗಿದರಂತೆ. ಹತ್ತಲಿಲ್ಲ. 'ನಾಯಕಿ ಇಲ್ಲದ ದೋಣಿಯನ್ನು ಯಾವ ಕಾರಣಕ್ಕೂ ಹತ್ತಬಾರದು.' ಅದು ಪುಟ ಹತ್ತೊಂಬತ್ತು.

"ಏಡಿಬಲೆಯ ತಾತನ ದೋಣಿ ಹತ್ತಿದ್ಯಲ್ಲ," ಎಂದೆ. ಯಾಕೆ ಹಾಗೆ ಕೇಳಿದೆನೋ.

ಅವಳ ಮುಖ ಇಳಿದುಹೋಯಿತು. "ನೀರು ಹಲಗೆಗೆ ಬಂದಿತ್ತು ಮ್ಯಾಮ್. ನನಗೆ ಈಜಕ್ಕೆ ಅಷ್ಟು ಬರಲ್ಲ. ಅದೊಂದು ತಪ್ಪಾಯ್ತು. ಕ್ಷಮಿಸಿ."

ಮೇ 5, ಶುಕ್ರವಾರ

'ನಾಯಕಿಯರ ಕೈಪಿಡಿ', 1991. ಪುಟ ಹದಿನೇಳು ತೆಗೆದು ನೋಡಿದೆ. ಮಗು ಒಂದು ಅಕ್ಷರವನ್ನೂ ತಪ್ಪಿಸಿಲ್ಲ. ಪುಟ ಹದಿನಾರರಲ್ಲಿ ಎಣಿಕೆಯ ಕ್ರಮವಿದೆ: ನಾಯಕಿ 'ಜೋಡಿ!' ಎನ್ನಬೇಕು, ಜೋಡಿಗಳು ಹೆಣೆದ ಕೈ ಮೇಲೆತ್ತಬೇಕು, ನಾಯಕಿ ಕೈಗಳನ್ನು ಎಣಿಸಬೇಕು. 'ಇದರಿಂದ ಅರ್ಧ ಸಮಯ ಉಳಿಯುತ್ತದೆ.' ಒಬ್ಬಳೇ ಉಳಿದವಳು ಏನನ್ನು ಮೇಲೆತ್ತಬೇಕೆಂದು ಬರೆದಿಲ್ಲ.

ಕೈಪಿಡಿ ಬರೆದವರು: ಪುರಿಫಿಕಾಸಿಯೋನ್ ಗುಂಬಾನ್. ನಾನೇ.

ಬಿಸಿಲು ವಿಪರೀತ. ಊಟ ಸೇರಲಿಲ್ಲ.

ಮೇ 9, ಮಂಗಳವಾರ

ಲೆತೀಸಿಯಾಳ ಮನೆ. ಹವಾನಿಯಂತ್ರಿತ ಕೋಣೆಯಲ್ಲಿ ಕೂರಿಸಿ ಮಾವಿನ ಹಣ್ಣು ಹೆಚ್ಚಿ ಕೊಟ್ಟಳು. ಮೊಮ್ಮಗಳು ಬಾಗಿಲ ಹತ್ತಿರ ಬಂದು ನನ್ನನ್ನು ನೋಡಿ ಒಳಗೋಡಿದಳು.

"ಲೆಟ್ಟಿ, ಅಪ್ಪಣೆಪತ್ರ ತರಿಸಿ ನೋಡ್ದೆ, ಎರಡನೇ ಸಹಿ ನಿಂದು. ಒಂದೂವರೆಗೆ ಹೊರಟುಬಿಟ್ಯಲ್ಲ?"

"ಅತಿಥಿಗಳು ಬರೋರಿದ್ರು ಮ್ಯಾಮ್. ದಳಕ್ಕೆ ಹೊಸ ಕಟ್ಟಡ ಕೊಡಿಸೋರು ಅವ್ರೇ. ನನ್ ಮನೆ ಕೆಲಸಕ್ಕೆ ಹೋದ್ನಾ?"

"ಎಲ್ಜೇನ್‌ಗೆ ಇಲ್ಲೇ ಕೂತಿರು ಅಂದೆ."

"ಯಾರು ಹೇಳಿದ್ದು? ಅವಳಾ? ಹೆದರಿದ ಮಕ್ಳು ಏನೇನೋ ಹೇಳ್ತಾವೆ."

"ಆಜ್ಞೆ ಮೀರಿದ್ಲು ಅಂತ ಕಾರ್ಡಲ್ಲಿ ಬರೆದಿದ್ದೀಯ. ಯಾವ ಆಜ್ಞೆ?"

ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು. ದನಿ ಏರಿಸಲಿಲ್ಲ, ಅವಳಿಗೆ ಆ ಅಭ್ಯಾಸವಿಲ್ಲ. "ಮ್ಯಾಮ್, ದಳದ ಹೆಸರು ಉಳೀಬೇಕಾ ಬೇಡ್ವಾ? ಪೇಪರಿನೋರು ಬರ್ತಿದ್ರು. ಅಪ್ಪ ಅಮ್ಮಂದಿರು ಹುಡುಗೀರನ್ನ ಬಿಡಿಸ್ತಿದ್ರು. ಯಾರ ತಲೆ ಮೇಲಾದ್ರೂ ಹಾಕ್ಬೇಕಿತ್ತು. ಚಿಕ್ಕೋಳು, ನಾಲ್ಕು ದಿನಕ್ಕೆ ಎಲ್ರೂ ಮರೀತಾರೆ."

"ಥೂ, ಹೇಳಕ್ಕೆ ನಾಚಿಕೆ ಆಗಲ್ವಾ ನಿಂಗೆ?"

"ನಂಗ್ಯಾಕೆ ನಾಚಿಕೆ? ಪಾಠ ನಿಮ್ಮಿಂದಲೇ ಕಲ್ತಿದ್ದು." ಒಂದು ಹೋಳು ಬಾಯಿಗೆ ಹಾಕಿಕೊಂಡಳು. "ಜೆಟ್ಟಿ ಮೇಲೆ ನೆನೀತಾ ಬಿದ್ದು ಹಲ್ಲು ಮುರ್ಕೊಂಡಾಗ ನಂಗೆ ಇಪ್ಪತ್ಮೂರು. ನಿಮ್ಮ ಸಹಾಯಕಿ. ನೀವು ಟೈಪ್‌ರೈಟರ್ ಮುಂದೆ ಕೂತು ನನ್ ಕಡೆ ತಿರುಗಿ ಕೇಳಿದ್ರಿ: 'ಬೆಳಗ್ಗೆ ತಿಂಡಿ ತಿಂದಿರ್ಲಿಲ್ಲ ಅಂತ ಹಾಕೋಣ್ವಾ?' ಅವಳು ತಿಂದಿದ್ಲು ಮ್ಯಾಮ್. ನಾನೇ ಅನ್ನ, ಒಣಮೀನು ಬಡಿಸಿದ್ದೆ. ಹೇಳಿದೆ ಕೂಡ. ನೀವು ಟೈಪ್ ಮಾಡ್ತಾನೇ ಇದ್ರಿ."

ಸುಳ್ಳುಗಾತಿ.

ಮೇ 10

ಸುಳ್ಳಲ್ಲ.

ಮೇ 13, ಶನಿವಾರ

ಎರಡು ದಿನ ಏನೂ ಬರೆದಿಲ್ಲ. ಇವತ್ತು ಜೋನಾಫೆ ತಾನಾಗಿಯೇ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು ಮೊಬೈಲು ಮುಂದೆ ಹಿಡಿದಳು.

"ನೀವು ನಾಯಕಿ ಅಂದ್ಕೊಳ್ಳಲ್ಲ, ನೋಡ್ತಾಳೆ ಅಂದಿದ್ರಿ. ಬರೀ ಅಂದ್ಕೊಂಡಿರ್ಲಿಲ್ಲ ಮ್ಯಾಮ್. ಕೇಳಿದ್ದೆ. ನೋಡಿ."

ಏಪ್ರಿಲ್ 22, 2:11. ಅವಳು: 'ಮಿಸೆಸ್, ಫ್ರಾನ್ಸೀನ್ ಮತ್ತು ಎಲ್ಜೇನ್ ಇಬ್ಬರೂ ನಿಮ್ಮ ದೋಣಿಯಲ್ಲಿದ್ದಾರಾ?' 2:14. ಲೆತೀಸಿಯಾ: 'ಹೌದು ಹೌದು. ಬೇಗ ಹೊರಡಿ. ನಾಲ್ಕಕ್ಕೆ ಎಲ್ಲರೂ ಜೆಟ್ಟಿಯಲ್ಲಿ ಸಾಲಾಗಿ ನಿಂತಿರಬೇಕು.'

"ಇದನ್ನ ಇಷ್ಟು ದಿನ ಯಾಕೆ ಬಚ್ಚಿಟ್ಟೆ ಪೆದ್ದಿ?"

"ಶಿಶುವಿಹಾರದ ಕೆಲಸ ಪ್ರತಿ ಜೂನ್‌ಗೂ ಹೊಸದಾಗಿ ಬರ್ಕೊಡಬೇಕು. ಸಹಿ ಹಾಕೋರು ಮಿಸೆಸ್ ಲೆತೀಸಿಯಾ ಅವ್ರ ತಮ್ಮ." ಮೊಬೈಲನ್ನು ಜೇಬಿಗೆ ಹಾಕಿಕೊಂಡಳು. "ಅದೂ ಅಲ್ದೆ, ಅವ್ರು ಏನೇ ಹೇಳ್ಲಿ, ದಿಬ್ಬದ ಆ ತುದಿ ತನಕ ನಡೆದು ನೋಡಿದ್ರೆ ಮುಗೀತಿತ್ತು ಮ್ಯಾಮ್. ಐದು ನಿಮಿಷ. ನಾನು ನಡೀಲಿಲ್ಲ. ದಿನಾ ಬೆಳಗ್ಗೆ ಎದ್ದ ತಕ್ಷಣ ಆ ಐದು ನಿಮಿಷ ನಡೀತೀನಿ."

ಕೂರು ಎಂದೆ. ಕೂತಳು. ಮನೆಯಲ್ಲಿ ಬಿಸ್ಕತ್ತು ಬಿಟ್ಟು ಏನೂ ಇರಲಿಲ್ಲ. ಅದನ್ನೇ ಇಬ್ಬರೂ ಕಾಫಿಯಲ್ಲಿ ಅದ್ದಿ ತಿಂದೆವು.

ಪ್ರಾಂತೀಯ ಸಮಿತಿಗೆ ಅವಳ ವಿರುದ್ಧ ಬರೆದಿಟ್ಟಿದ್ದ ನಾಲ್ಕು ಪುಟದ ದೂರು ಮೇಜಿನ ಮೇಲೇ ಬಿದ್ದಿತ್ತು. ಅದರ ಹಿಂಬದಿ ಖಾಲಿ ಇದೆ, ಬೇರೆ ಬರಹಕ್ಕೆ ಆಗುತ್ತದೆ.

ಮೇ 20, ಶನಿವಾರ

ಸಮಿತಿಯ ಸಭೆ. ಏಳು ಜನ. ಸಮೋಸದಂಥ ಏನೋ ತರಿಸಿದ್ದರು, ಅದರ ಚರ್ಚೆಗೇ ಹತ್ತು ನಿಮಿಷ ಹೋಯಿತು. ನಾನು ಎದ್ದು ಸಂದೇಶವನ್ನು ಓದಿ ಹೇಳಿದೆ. ಕಾರ್ಡು ತಿದ್ದಬೇಕು, ನೋಟಿಸು ತೆಗೆಯಬೇಕು ಎಂದೆ.

"ಮೊಬೈಲಲ್ಲಿ ಏನು ಬೇಕಾದ್ರೂ ಮಾಡ್ಬಹುದು ಈಗ," ಎಂದಳು ಖಜಾಂಚಿ.

"ಲೆತೀಸಿಯಾ ಮೊಬೈಲು ತೆಗೆದು ನೋಡಿ," ಎಂದೆ.

"ಅವತ್ತಿನ ಮೊಬೈಲು ನೀರಲ್ಲಿ ಬಿತ್ತು," ಎಂದಳು ಲೆತೀಸಿಯಾ. ಒಬ್ಬರೂ ನಗಲಿಲ್ಲ.

ಕಾರ್ಯದರ್ಶಿ ಬಹಳ ಮೃದುವಾಗಿ, "ಮ್ಯಾಮ್ ಪುರಿಂಗ್, ನಿಮ್ಮ ವಯಸ್ಸಿಗೆ ಇಷ್ಟೊಂದು ಟೆನ್ಷನ್ ಯಾಕೆ? ಮುಂದಿನ ವರ್ಷ ನಿಮ್ಗೆ ಸನ್ಮಾನ ಇಟ್ಕೊಂಡಿದ್ದೀವಿ" ಎಂದಳು. "ಜೋಡಿಯಲ್ಲಿ ಎಣಿಸೋ ಪದ್ಧತಿ ನಿಮ್ಮದೇ ಅಲ್ವಾ? ಆಳವಾಗಿ ಹೋದ್ರೆ ನಿಮ್ಮ ಹೆಸರೂ ಬರುತ್ತೆ."

"ಬರಬೇಕು," ಎಂದೆ.

ಕೈ ಎತ್ತಿ ಮತ ಹಾಕಿದರು. ನೋಟಿಸು ಇರಲಿ ಎಂದು ಆರು. ಕಾರ್ಡನ್ನು ಇದ್ದ ಹಾಗೆಯೇ ಕಳಿಸುತ್ತಾರಂತೆ. ಒಬ್ಬ ಹೆಂಗಸು ಮಾತ್ರ ಕೈ ಎತ್ತದೆ ತಟ್ಟೆ ನೋಡುತ್ತಿದ್ದಳು. ಅವಳನ್ನು ಧೈರ್ಯಶಾಲಿ ಎಂದು ಬರೆಯಲಾರೆ. ಅವಳಿಗೆ ಹಸಿವಿತ್ತು ಅಷ್ಟೆ.

ಅಲ್ಲಿಂದ ಸೀದಾ ಸಿಸ್ಟರುಗಳ ಶಾಲೆಗೆ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕೇಳಿಸಿಕೊಂಡರು. "ನಮಗೆ ದಳ ಕಳಿಸಿದ್ದೇ ಕಾರ್ಡು ಮ್ಯಾಮ್. ದಳ ಬಾಯಿಬಿಟ್ಟು ಬೇರೆ ಹೇಳಿದ್ರೆ ನಾವು ಬೇರೆ ಕೇಳ್ತೀವಿ. 31ರ ಸಾಯಂಕಾಲ ಐದರ ತನಕ." ಅಷ್ಟೇ. ಬಾಗಿಲು ಮುಚ್ಚಿಲ್ಲ, ತೆರೆದೂ ಇಲ್ಲ.

ಮೇ 23, ಮಂಗಳವಾರ

ಜೋನಾಫೆ ಮೂರು ದಿನದಿಂದ ಬರುತ್ತಿದ್ದಾಳೆ. ಪುಟ ಹದಿನಾರರಿಂದ ಇಪ್ಪತ್ತರವರೆಗೆ ಹೊಸದಾಗಿ ಬರೆಯುತ್ತಿದ್ದೇವೆ. ತಲೆ ಎಣಿಸಬೇಕು, ಪ್ರತಿಯೊಬ್ಬಳೂ ತನ್ನ ಹೆಸರು ತಾನೇ ಕೂಗಬೇಕು, ಬಿಟ್ಟುಹೋಗುವ ನಾಯಕಿ ಇನ್ನೊಬ್ಬಳ ಕಣ್ಣೆದುರು ಸಹಿ ಹಾಕಿ ಹೋಗಬೇಕು. ನಾನು ಬರೆದ ಮೂರು ವಾಕ್ಯಗಳನ್ನು ಜೋನಾಫೆ ಹೊಡೆದುಹಾಕಿದಳು.

"ಇದೇನು ಮ್ಯಾಮ್, 'ಯಾವ ಕಾರಣಕ್ಕೂ'? ನೀರು ಬಂದ್ರೆ?"

"ಸರಿ, ತೆಗಿ."

"ಇದೂ. 'ನಾಯಕಿಯ ಮಾತೇ ಕೊನೆಯ ಮಾತು.'"

"ಅದು ಯಾಕೆ?"

ಕಾಗದವನ್ನು ನನ್ನ ಕಡೆ ತಿರುಗಿಸಿದಳು. ನಾನೇ ಪೆನ್ನು ತೆಗೆದು ಗೀಟು ಹಾಕಿದೆ.

ನೋರ್ಮಿತಾ ಶೆಡ್ಡಿನಿಂದ ಬರುತ್ತಾ ಒಂದು ಪೊಟ್ಟಣ ಏಡಿಮಾಂಸ ಕೊಟ್ಟು ಹೋದಳು. "ಯಜಮಾನ್ರ ಕಣ್ ತಪ್ಸಿ ತಂದಿದ್ದು, ದಿನಚರೀಲಿ ಬರೀಬೇಡಿ" ಎಂದಳು. ನಾನು ದಿನಚರಿ ಬರೆಯುವುದು ಅವಳಿಗೆ ಹೇಗೆ ಗೊತ್ತೋ! ಎಲ್ಜೇನಳನ್ನು ಯಾರ ಮುಂದೆಯೂ ನಿಲ್ಲಿಸುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ. ಹುಡುಗಿ ಬೇಕೆಂದರೆ ಬರಲಿ, ಕೂರಲಿ, ಬಾಯಿಬಿಡದೆ ಇರಲಿ. ನಿಲ್ಲಬೇಕಾದವರು ನಾವು.

"ನಾವು ಅಂದ್ರೆ ಯಾರ್ಯಾರು ಮ್ಯಾಮ್?" ಎಂದಳು.

"ನಾನು. ಜೋನಾಫೆ. ಲೆತೀಸಿಯಾ."

"ಮೂರನೆಯವ್ರು ನಿಲ್ತಾರಾ?"

ಬೀದಿಯಲ್ಲಿ ಈಗ ನನ್ನನ್ನು ಕಂಡರೆ ಕೆಲವರು ರಸ್ತೆ ದಾಟುತ್ತಾರೆ. ಔಷಧಿ ಅಂಗಡಿಯವನು, ನನ್ನ ಗ್ರಂಥಾಲಯದಲ್ಲಿ ಕೂತು ಕೂತು ಪಾಸಾದವನು, "ಹೊಸ ಕಟ್ಟಡ ತಪ್ಪಿಸಿಬಿಟ್ರಲ್ಲ ಮ್ಯಾಮ್" ಎಂದ. ಕಟ್ಟಡದಲ್ಲಿ ಎಣಿಸಲು ಹುಡುಗಿಯರು ಉಳಿದರೆ ಸಾಕು ಎಂದೆ. ರಕ್ತದೊತ್ತಡದ ಮಾತ್ರೆ ಕೊಡುವಾಗ ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟ.

ಮೇ 28, ಭಾನುವಾರ

ಪೂಜೆ ಮುಗಿದು ಜನ ಅಂಗಳಕ್ಕೆ ಬರುವಾಗ ಇಗರ್ಜಿಯ ಮೆಟ್ಟಿಲ ಮೇಲೆ ನಿಂತೆ. ಧ್ವನಿವರ್ಧಕ ಕೊಡಲಿಲ್ಲ. ಬೇಕಾಗಿರಲಿಲ್ಲ; ಮೂವತ್ತೈದು ವರ್ಷ 'ಸದ್ದು' ಎಂದು ಕೂಗಿದ ಗಂಟಲು ಇದು. ಜೋನಾಫೆ ನನ್ನ ಎಡಕ್ಕೆ ನಿಂತಳು. ಜೂನ್ ತಿಂಗಳ ಕೆಲಸದ ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಬೇಡ ಎಂದಿದ್ದೆ, ಬಂದಿದ್ದಳು.

ಜನ ನಿಂತರು. ಅರ್ಧ ಕುತೂಹಲಕ್ಕೆ, ಅರ್ಧ ಬಾಡಿಗೆ ಟ್ರೈಸಿಕಲ್ಲು ಸಿಗದೆ. ಏಡಿಶೆಡ್ಡಿನ ಹೆಂಗಸರು ಒಂದು ಗುಂಪಾಗಿ ಬಂದಿದ್ದರು. ನೋರ್ಮಿತಾ ಇದ್ದಳು. ಎಲ್ಜೇನ್ ಅವಳ ಪಕ್ಕ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು, ನಾವು ಕೂರು ಎಂದು ಹೇಳಿರಲಿಲ್ಲ.

ಲೆತೀಸಿಯಾ ಕಾರಿನತ್ತ ಹೋಗುತ್ತಿದ್ದಳು.

"ಲೆಟ್ಟಿ, ನಿಲ್ಲು," ಎಂದೆ. "ಎರಡು ನಿಮಿಷ. ನಿನ್ನ ಬಗ್ಗೆ ಆಮೇಲೆ. ಮೊದಲು ನನ್ನದು."

ನಿಂತಳು. ಆಶ್ಚರ್ಯಕ್ಕೇ ಇರಬೇಕು.

1988ರ ವರದಿ ನಾನು ಟೈಪು ಮಾಡಿದ್ದು, ನೆನೀತಾ ಅವತ್ತು ತಿಂಡಿ ತಿಂದಿದ್ದಳು, ಅದು ಗೊತ್ತಿದ್ದೂ ಬರೆದೆ ಎಂದು ಹೇಳಿದೆ. ನೆನೀತಾ ಈಗ ದ್ವೀಪದ ಆಚೆ ಕಡೆ ಇದ್ದಾಳೆ, ಪತ್ರ ಹಾಕಿದ್ದೇನೆ, ಉತ್ತರ ಬಂದಿಲ್ಲ ಎಂದೆ. ಜೋಡಿ ಎಣಿಕೆ ನನ್ನದು, ಇದ್ದಲ್ಲೇ ಕೂರು ಎಂಬ ನಿಯಮ ನನ್ನದು, ಆ ನಿಯಮದಿಂದ ಒಂದು ಮಗು ಮುಳುಗಿಯೇ ಹೋಗುತ್ತಿತ್ತು ಎಂದೆ. ಗುಂಪಿನಿಂದ ಯಾರೋ, "ಜೋರಾಗಿ ಮ್ಯಾಮ್, ಕೇಳಿಸ್ತಿಲ್ಲ" ಎಂದರು. ಜೋರಾಗಿ ಹೇಳಿದೆ.

ಜೋನಾಫೆ ನಾಲ್ಕೇ ಮಾತು ಹೇಳಿದಳು. "ನಾನು ಎಣಿಸಿದೆ. ತಪ್ಪಾಗಿ ಎಣಿಸಿದೆ. ಆ ತುದಿಗೆ ನಡೆದು ನೋಡ್ಲಿಲ್ಲ. ಎಲ್ಜೇನ್, ಕ್ಷಮಿಸು." ಆಮೇಲೆ ಮೊಬೈಲಿನ ಸಂದೇಶ ಓದಿದಳು, ಗಂಟೆ ನಿಮಿಷ ಸಮೇತ.

ಲೆತೀಸಿಯಾ ಸುತ್ತ ನೋಡಿದಳು. "ಮ್ಯಾಮ್, ಇದು ದೇವರ ಜಾಗ. ಇದನ್ನೆಲ್ಲ ಸಮಿತೀಲಿ ಮಾತಾಡೋಣ."

"ಸಮಿತಿ ಸಭೆ ಎಂಟು ದಿನದ ಹಿಂದೆ ಆಯ್ತು ತಾಯಿ, ತಿಂಡಿ ತಿಂದು ಮನೆಗೆ ಹೋದ್ರಿ," ಎಂದಿತು ಏಡಿಶೆಡ್ಡಿನ ಗುಂಪು. ನಗು ಎದ್ದಿತು. ನಾನು ಕೈ ಎತ್ತಿ ನಿಲ್ಲಿಸಿದೆ. ನಗುವ ಹೊತ್ತಾಗಿರಲಿಲ್ಲ.

"ಲೆಟ್ಟಿ, ಸಿಸ್ಟರುಗಳ ಶಾಲೆಯ ಬಾಗಿಲು ಬುಧವಾರ ಐದಕ್ಕೆ ಮುಚ್ಚುತ್ತೆ. ಅದಕ್ಕೆ ಮೊದ್ಲು, ಮಂಗಳವಾರ ಬೆಳಗ್ಗೆ ಹತ್ತಕ್ಕೆ, ಇದೇ ಅಂಗಳದಲ್ಲಿ, ಇವರೆಲ್ರ ಮುಂದೆ, ಸಿಸ್ಟರ್ ಮುಂದೆ ಬಂದು ಹೇಳು. ಕಾರ್ಡಲ್ಲಿ ಅವಿಧೇಯತೆ ಅಂತ ಬರೆದಿದ್ದೀಯ. ಕೂತಿರು ಅಂದೆ, ಕೂತಳು. ಸೀಟಿ ಕೇಳಿದ್ರೂ ಏಳ್ಲಿಲ್ಲ. ಗೊತ್ತಿಲ್ದವರು ಕರೆದ್ರೂ ಹೋಗ್ಲಿಲ್ಲ. ಈ ಹುಡುಗಿ ಮೀರಿದ್ದು ಒಂದೇ ಮಾತು, ನಾಯಕಿ ಇಲ್ಲದ ದೋಣಿ ಹತ್ತಬಾರದು ಅನ್ನೋದು. ಅದು ನಾನು ಬರೆದದ್ದು. ಅದನ್ನ ಮೀರಿದ್ದಕ್ಕೆ ಇವತ್ತು ಇಲ್ಲಿ ಕೂತಿದ್ದಾಳೆ. ನೀನು ಹೇಳಿದ್ದು ಯಾವುದನ್ನ ಮೀರಿದ್ಲು? ಒಂದು ಹೇಳು. ಒಂದೇ ಒಂದು. ಅವಳ ಮುಖ ನೋಡ್ಕೊಂಡು, ಎಲ್ರಿಗೂ ಕೇಳೋ ಹಾಗೆ ಹೇಳು."